ಮುಂಗಾರು ಮುನ್ಸೂಚನೆಯನ್ನು ನಿಮ್ಮ ಹೊಲದ ಲೆಕ್ಕಕ್ಕೆ ತರುವುದು ಹೇಗೆ?

ಏಪ್ರಿಲ್ ಮಧ್ಯ ಬಂತೆಂದರೆ ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆ ಕೊಡುತ್ತದೆ. ಟಿವಿಯಲ್ಲಿ ಒಂದು ಶೇಕಡಾ ಅಂಕಿ ಓಡುತ್ತದೆ. ಆ ವಾರದಿಂದಲೇ ಓದುಗರ ಪ್ರಶ್ನೆಗಳು ಶುರು. "ದೇಶದಲ್ಲಿ ವಾಡಿಕೆ ಮಳೆಯಂತೆ, ನಮ್ಮ ಶಿರಾದಲ್ಲಿ ಆಗುತ್ತಾ?" "ಕಡಲೆಕಾಯಿ ಹಾಕಲಾ, ರಾಗಿಗೇ ಇರಲಾ?" "ಬೀಜ ಈಗಲೇ ತರಲಾ, ಕಾಯಲಾ?"

ನೇರ ಉತ್ತರ ಇಷ್ಟು. ಏಪ್ರಿಲ್‌ನ ಅಂಕಿ ನಿಮ್ಮೂರಿನ ಮಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ಅದರ ಜೊತೆ ಬರುವ ನಕ್ಷೆಯನ್ನು ನಿಮ್ಮ ಹೋಬಳಿಯ ಹಳೇ ಮಳೆ ಲೆಕ್ಕದ ಪಕ್ಕ ಇಟ್ಟು ನೋಡಿದರೆ, ಯಾವ ಬೆಳೆ, ಯಾವ ತಳಿ, ಎಷ್ಟು ಸಾಲ ಅನ್ನೋ ತೀರ್ಮಾನಕ್ಕೆ ನಿಜಕ್ಕೂ ಸಹಾಯ ಆಗುತ್ತದೆ. ಯಾವತ್ತು ಬಿತ್ತಬೇಕು ಅನ್ನುವುದಕ್ಕೆ ಮಾತ್ರ ಅದನ್ನು ಕೇಳಬೇಡಿ. ಅದಕ್ಕೆ ಬೇರೆ ಮುನ್ಸೂಚನೆಗಳಿವೆ. ಈ ಲೇಖನ ಮುಖ್ಯವಾಗಿ ಒಳನಾಡಿನ ಮಳೆಯಾಶ್ರಿತ ರೈತರಿಗೆ. ಬೋರ್‌ವೆಲ್ ಇರುವವರಿಗೂ ಲೆಕ್ಕ ಇದೇ, ನಷ್ಟದ ಅಂಕಿ ಮಾತ್ರ ಬೇರೆ.

ಮೊದಲು ಇವಿಷ್ಟು ಜೋಡಿಸಿಕೊಳ್ಳಿ

ಒಂದು ನೋಟ್‌ಬುಕ್. ನಿಮ್ಮ ತಾಲ್ಲೂಕಿನ ಅಥವಾ ಹೋಬಳಿಯ ಕನಿಷ್ಠ 20 ವರ್ಷದ, ಸಿಕ್ಕರೆ 30 ವರ್ಷದ ಜೂನ್–ಸೆಪ್ಟೆಂಬರ್ ಮಳೆ ಅಂಕಿ. ತಾಲ್ಲೂಕಿನ ಅಂಕಿ 'ಜಿಲ್ಲಾ ಅಂಕಿ ಅಂಶಗಳ ನೋಟ' ಪುಸ್ತಕಗಳಲ್ಲಿ ಸಿಗುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ಇತ್ತೀಚಿನ ವರ್ಷಗಳ ಹೋಬಳಿವಾರು ಲೆಕ್ಕ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದೆ.

ಫೋನಿನಲ್ಲಿ 'ಮೇಘದೂತ' ಮತ್ತು 'ಮೌಸಮ್' ಆ್ಯಪ್‌ಗಳಿರಲಿ. ಆ್ಯಪ್ ಬೇಡ ಅನ್ನುವವರು ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿ 92433 45433 ಬರೆದಿಟ್ಟುಕೊಳ್ಳಿ. ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಒಂದು ಮಳೆ ಮಾಪಕ. ಕೊಳ್ಳಲು ಆಗದಿದ್ದರೆ ತಳದಿಂದ ಬಾಯಿವರೆಗೂ ಒಂದೇ ಅಗಲ ಇರುವ ಡಬ್ಬ ಸಾಕು. ಮರದಿಂದ, ಗೋಡೆಯಿಂದ ದೂರ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಬಿಟ್ಟು ಅಳೆಯಿರಿ. ನಿಂತ ನೀರು 10 ಮಿ.ಮೀ. ಇದ್ದರೆ ಮಳೆಯೂ 10 ಮಿ.ಮೀ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿತ್ತು ಅಂದರೆ ಸುಮಾರು 4 ಸಾವಿರ ಲೀಟರ್ ನೀರು ಬಿದ್ದಂತೆ.

ಹಂತ 1: ಯಾವ ಮುನ್ಸೂಚನೆ ಯಾವಾಗ ಬರುತ್ತದೆ, ಬರೆದಿಡಿ

ಏಪ್ರಿಲ್ ಮಧ್ಯದಲ್ಲಿ ಇಡೀ ಮುಂಗಾರಿನ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೊದಲ ಅಂದಾಜು. ಮೇ ಮಧ್ಯದಲ್ಲಿ ಮುಂಗಾರು ಕೇರಳಕ್ಕೆ ಯಾವಾಗ ಬರುತ್ತದೆ ಅನ್ನುವ ಅಂದಾಜು. ಮೇ ಕೊನೆಯಲ್ಲಿ ಇಡೀ ಋತುವಿನ ಪರಿಷ್ಕೃತ ಅಂದಾಜು, ಜೊತೆಗೆ ಜೂನ್ ತಿಂಗಳದ್ದು. ಆಮೇಲೆ ಪ್ರತಿ ತಿಂಗಳ ಕೊನೆಗೆ ಮುಂದಿನ ತಿಂಗಳದ್ದು. ಜುಲೈ ಕೊನೆಗೆ ಆಗಸ್ಟ್–ಸೆಪ್ಟೆಂಬರ್ ಎರಡೂ ಸೇರಿಸಿ ಇನ್ನೊಂದು. ಸೆಪ್ಟೆಂಬರ್ ಕೊನೆಗೆ ಹಿಂಗಾರಿನದು.

ಏಪ್ರಿಲ್‌ಗಿಂತ ಮೇ ಕೊನೆಯ ಅಂದಾಜನ್ನು ಜಾಸ್ತಿ ನಂಬಬಹುದು. ಮಾರ್ಚ್‌ನಿಂದ ಮೇವರೆಗೆ ಪೆಸಿಫಿಕ್ ಸಾಗರ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುತ್ತಿರುತ್ತದೆ (ಅದಕ್ಕೂ ನಮ್ಮ ಮಳೆಗೂ ಇರುವ ನಂಟು ಹಂತ 4ರಲ್ಲಿದೆ). ಆ ಹೊತ್ತಿನಲ್ಲಿ ಯಾವ ದೇಶದ ಕಂಪ್ಯೂಟರ್ ಮಾದರಿಗೂ ಮುಂದಿನದ್ದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಏಪ್ರಿಲ್ ನಕ್ಷೆ ನೋಡಿ ಬೆಳೆ ಯೋಜನೆ ಬರೆದುಕೊಳ್ಳಿ, ದುಡ್ಡು ಹಾಕುವುದನ್ನು ಮೇ ಕೊನೆಯವರೆಗೆ ತಡೆಯಿರಿ.

ಹಂತ 2: ದೇಶದ ಶೇಕಡಾ ಅಂಕಿಯನ್ನು ಓದಿ, ಅಲ್ಲೇ ಬಿಡಿ

"ದೀರ್ಘಾವಧಿ ಸರಾಸರಿಯ ಶೇ 96" ಎಂದರೆ ಏನು? 1971ರಿಂದ 2020ರವರೆಗೆ ದೇಶದಲ್ಲಿ ಮುಂಗಾರಿನ ನಾಲ್ಕು ತಿಂಗಳಲ್ಲಿ ಸರಾಸರಿ 87 ಸೆಂ.ಮೀ. ಮಳೆಯಾಗಿದೆ. ಅದನ್ನು ನೂರು ಅಂತ ಇಟ್ಟುಕೊಂಡು ಈ ವರ್ಷ ಎಷ್ಟು ಅಂತ ಹೇಳುತ್ತಾರೆ. 96ರಿಂದ 104ರ ಒಳಗಿದ್ದರೆ ವಾಡಿಕೆ. 90ಕ್ಕಿಂತ ಕಡಿಮೆಯಾದರೆ ಕೊರತೆ, ನಡುವಿನದ್ದು ವಾಡಿಕೆಗಿಂತ ಕಡಿಮೆ. 110 ದಾಟಿದರೆ ಅತಿ ಹೆಚ್ಚು. ಏಪ್ರಿಲ್ ಅಂಕಿ ಆಚೀಚೆ ಶೇ 5, ಮೇ ಅಂಕಿ ಆಚೀಚೆ ಶೇ 4 ತಪ್ಪಬಹುದು ಎಂದು ಇಲಾಖೆಯೇ ಹೇಳುತ್ತದೆ. ಸುದ್ದಿಯಲ್ಲಿ ಈ ಸಾಲು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಈ ಅಂಕಿಯಲ್ಲಿ ಚಿರಾಪುಂಜಿಯೂ ಇದೆ, ರಾಜಸ್ಥಾನವೂ ಇದೆ. ನಮ್ಮ ರಾಜ್ಯವನ್ನೇ ನೋಡಿ. ಕರಾವಳಿಯಲ್ಲಿ ಮುಂಗಾರು ಮಳೆ 3 ಸಾವಿರ ಮಿ.ಮೀ. ಆಸುಪಾಸು. ಉತ್ತರ ಒಳನಾಡಿನಲ್ಲಿ 500ರ ಹತ್ತಿರ. ಇವೆರಡನ್ನೂ ಕೂಡಿಸಿದ ಅಂಕಿಯಿಂದ ಗದಗದ ರೈತನಿಗೆ ಏನು ತಿಳಿಯುತ್ತದೆ?

2023 ಇದಕ್ಕೆ ಸರಿಯಾದ ಉದಾಹರಣೆ. ಆ ವರ್ಷದ ಅಂದಾಜು ಶೇ 96. ಕೊನೆಗೆ ಬಂದದ್ದು ಶೇ 94. ಅಂಕಿ ಮಟ್ಟಿಗೆ ಮುನ್ಸೂಚನೆ ಸರಿಯಾಗಿಯೇ ಇತ್ತು. ಆದರೆ ತಿಂಗಳು ತಿಂಗಳು ಬಿಡಿಸಿ ನೋಡಿದರೆ ಚಿತ್ರ ಬೇರೆ. ಜುಲೈನಲ್ಲಿ ದೇಶಕ್ಕೆ ವಾಡಿಕೆಗಿಂತ ಶೇ 13 ಜಾಸ್ತಿ, ಆಗಸ್ಟ್‌ನಲ್ಲಿ ಶೇ 36 ಕಡಿಮೆ. 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ನಮ್ಮ ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ ಆಶ್ಲೇಷ, ಮಘೆ ಎರಡೂ ಕೈಕೊಟ್ಟವು. ಹೂ ಬಿಡುವ, ಕಾಳು ಕಟ್ಟುವ ಬೆಳೆ ಒಣಗಿತು. ಕರ್ನಾಟಕದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಬೇಕಾಯಿತು.

ಎಚ್ಚರಿಕೆ: ಜಿಲ್ಲೆಯ ಮಳೆ ವರದಿಯ 'ವಾಡಿಕೆ'ಗೂ ದೇಶದ 'ವಾಡಿಕೆ'ಗೂ ಅಳತೆ ಬೇರೆ. ಜಿಲ್ಲೆಗೆ ಬಂದಾಗ ಶೇ 19 ಕಡಿಮೆಯಿಂದ ಶೇ 19 ಜಾಸ್ತಿವರೆಗೂ ವಾಡಿಕೆ ಎಂದೇ ಬರೆಯುತ್ತಾರೆ. ಅಂದರೆ 500 ಮಿ.ಮೀ. ಬರಬೇಕಾದಲ್ಲಿ 405 ಬಂದರೂ ಹಸಿರು ಬಣ್ಣದಲ್ಲಿ 'ವಾಡಿಕೆ' ಅಂತಲೇ ಇರುತ್ತದೆ. ಪದ ನೋಡಬೇಡಿ, ಮಿ.ಮೀ. ನೋಡಿ.

ಹಂತ 3: ಬಣ್ಣದ ನಕ್ಷೆಯನ್ನು ಬಿಡಿಸಿ ನೋಡಿ

ಇಲಾಖೆಯ ಜಾಲತಾಣದಲ್ಲಿ ಪ್ರಕಟಣೆಯ ಕೊನೆಗೆ ಒಂದು ನಕ್ಷೆ ಇರುತ್ತದೆ. ನಿಮಗೆ ಕೆಲಸಕ್ಕೆ ಬರುವುದು ಅದೇ. 2021ರಿಂದ ಇಲಾಖೆ ಹಲವು ದೇಶಗಳ ಕಂಪ್ಯೂಟರ್ ಮಾದರಿಗಳನ್ನು ಒಟ್ಟುಗೂಡಿಸಿ ಈ ನಕ್ಷೆ ತಯಾರಿಸುತ್ತಿದೆ.

ಇದರ ಹಿಂದಿನ ಲೆಕ್ಕ ಸುಲಭ. ಒಂದು ಜಾಗದ ಹಳೇ ವರ್ಷಗಳ ಮಳೆಯನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ಮೂರು ಸಮ ಪಾಲು ಮಾಡುತ್ತಾರೆ: ಕಡಿಮೆ ಮಳೆಯ ವರ್ಷ, ನಡುವಿನ ವರ್ಷ, ಜಾಸ್ತಿ ಮಳೆಯ ವರ್ಷ. ಏನೂ ಗೊತ್ತಿಲ್ಲದಾಗ ಪ್ರತಿ ಪಾಲಿಗೂ ನೂರಕ್ಕೆ 33 ಸಾಧ್ಯತೆ. ಮುನ್ಸೂಚನೆಯ ಕೆಲಸ ಈ 33–33–33 ಯಾವ ಕಡೆ ವಾಲಿದೆ ಎಂದು ತೋರಿಸುವುದು, ಅಷ್ಟೇ. ನಕ್ಷೆಯ ಬಣ್ಣ ಯಾವ ಪಾಲಿಗೆ ಸಾಧ್ಯತೆ ಜಾಸ್ತಿ ಎಂದು ಹೇಳುತ್ತದೆ. ಬಣ್ಣ ಎಷ್ಟು ಗಾಢ ಅನ್ನುವುದು ಆ ಸಾಧ್ಯತೆ ಎಷ್ಟು ಎಂದು ಹೇಳುತ್ತದೆ.

ನಿಮ್ಮ ಭಾಗದಲ್ಲಿ 'ಕಡಿಮೆ'ಯ ಬಣ್ಣ, ಶೇ 45 ಎಂದಿದೆ ಅಂದುಕೊಳ್ಳಿ. ಉಳಿದ 55 ಹೇಗೆ ಹಂಚಿಕೆ? ನಡುವಿನ ಪಾಲು ಸಾಮಾನ್ಯವಾಗಿ 33ರ ಹತ್ತಿರವೇ ಉಳಿಯುತ್ತದೆ. ಉಳಿದ 22 'ಜಾಸ್ತಿ'ಗೆ. ನೋಟ್‌ಬುಕ್‌ನಲ್ಲಿ 45–33–22 ಅಂತ ಬರೆದುಕೊಳ್ಳಿ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಬಿಳಿ ಜಾಗ ಕಂಡರೆ 'ವಾಡಿಕೆ ಮಳೆ' ಅಂತ ಓದುತ್ತಾರೆ. ಹಾಗಲ್ಲ. ಅಲ್ಲಿ ಮಾದರಿಗಳಿಗೆ ಯಾವ ಕಡೆಯೂ ವಾಲಿಕೆ ಕಾಣಲಿಲ್ಲ, 33–33–33 ಹಾಗೆಯೇ ಇದೆ ಎಂದರ್ಥ. ನಿಮ್ಮ ಊರು ಬಿಳಿ ಜಾಗದಲ್ಲಿದ್ದರೆ ಈ ವರ್ಷ ಋತು ಮುನ್ಸೂಚನೆಯಿಂದ ನಿಮಗೆ ಹೊಸದೇನೂ ಸಿಗಲಿಲ್ಲ. ಪ್ರತಿ ವರ್ಷದಂತೆ ಮುಂದುವರಿಯಿರಿ.

ಎರಡನೆಯದು, ಗಾಢ ಬಣ್ಣ ಕಂಡರೆ ಭಾರೀ ಬರ ಅಥವಾ ಭಾರೀ ಮಳೆ ಅಂದುಕೊಳ್ಳುವುದು. ಬಣ್ಣ ಹೇಳುವುದು ಸಾಧ್ಯತೆಯನ್ನು. ಮಳೆಯ ಪ್ರಮಾಣ ಎಷ್ಟು ಅಂತ ಅಲ್ಲಿ ಬರೆದಿಲ್ಲ.

ಮೂರನೆಯದು, ನಕ್ಷೆಯನ್ನು ಫೋನಿನಲ್ಲಿ ಹಿಗ್ಗಿಸಿ "ನಮ್ಮ ಹಳ್ಳಿ ನೀಲಿ, ಪಕ್ಕದ ಹಳ್ಳಿ ಹಳದಿ" ಅನ್ನುವುದು. ನಕ್ಷೆಯ ಒಂದೊಂದು ಚೌಕ ನೆಲದ ಮೇಲೆ ಹತ್ತಾರು ಕಿಲೋಮೀಟರ್ ಅಗಲ. ಬಣ್ಣಗಳ ಗಡಿಯಲ್ಲಿದ್ದೀರಿ ಅಂದರೆ ನಿಮ್ಮದು ಬಿಳಿ ಅಂತಲೇ ಲೆಕ್ಕ ಹಾಕಿ.

ಹಂತ 4: ಎರಡು ಸಾಗರಗಳ ಸುದ್ದಿ ನೋಡಿ, ಹೆದರಬೇಡಿ

ಎಲ್ ನಿನೊ ಎಂದರೆ ಪೆಸಿಫಿಕ್ ಸಾಗರದ ನಡುಭಾಗ ಮತ್ತು ಪೂರ್ವಭಾಗದ ಮೇಲ್ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಅಥವಾ ಜಾಸ್ತಿ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿಯುವುದು. ಆಗ ಮೋಡ ಕಟ್ಟುವ ಗಾಳಿಯ ಮೇಲೇರಿಕೆ ಅತ್ತ ಸರಿಯುತ್ತದೆ, ನಮ್ಮ ಕಡೆ ಗಾಳಿ ಕೆಳಗಿಳಿಯುತ್ತದೆ, ಮುಂಗಾರು ಸೊರಗುವ ಸಾಧ್ಯತೆ ಹೆಚ್ಚುತ್ತದೆ. ಲಾ ನಿನಾ ಇದಕ್ಕೆ ತದ್ವಿರುದ್ಧ. ಇನ್ನೊಂದು ಹಿಂದೂ ಮಹಾಸಾಗರದ ದ್ವಿಧ್ರುವ. ಆಫ್ರಿಕಾ ಕಡೆಯ ನೀರು ಬಿಸಿ, ಇಂಡೋನೇಷ್ಯಾ ಕಡೆಯದು ತಂಪು ಆದರೆ 'ಧನಾತ್ಮಕ' ಎನ್ನುತ್ತಾರೆ. ಸಾಮಾನ್ಯವಾಗಿ ನಮಗೆ ಅನುಕೂಲ.

2002ರಲ್ಲಿ ಎಲ್ ನಿನೊ ಇತ್ತು, ದೇಶಕ್ಕೆ ಶೇ 81 ಮಳೆ. 2009ರಲ್ಲಿ ಶೇ 78. 2015ರಲ್ಲಿ ಶೇ 86. ಆದರೆ 1997ರಲ್ಲಿ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದು ಇತ್ತು, ಮಳೆ ಶೇ 102. ಆ ವರ್ಷ ಹಿಂದೂ ಮಹಾಸಾಗರದ ದ್ವಿಧ್ರುವ ಧನಾತ್ಮಕವಾಗಿತ್ತು. ಹಾಗಾಗಿ "ಎಲ್ ನಿನೊ ಬಂತು, ಬರ ಖಚಿತ" ಎಂದು ಯಾರಾದರೂ ಹೇಳಿದರೆ ಬೀಜದ ಆರ್ಡರ್ ರದ್ದು ಮಾಡಲು ಓಡಬೇಡಿ. ಹಂತ 3ರ ನಕ್ಷೆ ತಯಾರಿಸುವಾಗ ಈ ಎರಡೂ ಸಾಗರಗಳ ಲೆಕ್ಕ ಅದರೊಳಗೆ ಆಗಲೇ ಸೇರಿರುತ್ತದೆ. ನಕ್ಷೆ ನೋಡಿ ಸಾಧ್ಯತೆ ಬರೆದುಕೊಂಡು, ಆಮೇಲೆ ಎಲ್ ನಿನೊ ಸುದ್ದಿ ಕೇಳಿ ಇನ್ನಷ್ಟು ಇಳಿಸಿದರೆ ಒಂದೇ ಕಾರಣವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತೆ.

ಹಂತ 5: ನಿಮ್ಮೂರಿನ ಲೆಕ್ಕ ಹಾಕಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ಒಂದು ಸಲ ಕೂತು ಮಾಡಿದರೆ ವರ್ಷವರ್ಷವೂ ಉಪಯೋಗಕ್ಕೆ ಬರುತ್ತದೆ.

30 ವರ್ಷದ ಜೂನ್–ಸೆಪ್ಟೆಂಬರ್ ಮಳೆಯನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆಯಿರಿ. ಹತ್ತನೇ ಸಾಲಿನ ಕೆಳಗೊಂದು ಗೆರೆ, ಇಪ್ಪತ್ತನೆಯದರ ಕೆಳಗೊಂದು ಗೆರೆ. ಮೊದಲ ಗೆರೆ 320 ಮಿ.ಮೀ. ಹತ್ತಿರ, ಎರಡನೆಯದು 450ರ ಹತ್ತಿರ ಬಿತ್ತು ಅಂದುಕೊಳ್ಳಿ. ಈಗ ಪ್ರತಿ ವರ್ಷದ ಮುಂದೆ ಮನೆಯ ಹಿರಿಯರನ್ನು ಕೇಳಿ ಬೆಳೆ ಏನಾಯಿತು ಬರೆಯಿರಿ. "ಆ ವರ್ಷ ಕಡಲೆಕಾಯಿ ಹೂಡು ಇಳಿಯಲೇ ಇಲ್ಲ", "ಆ ವರ್ಷ ರಾಗಿ ಕೊಯ್ಲಿಗೆ ಮಳೆ ಹಿಡಿಯಿತು", ಹೀಗೆ. ಅಂಕಿ ಮರೆತವರಿಗೂ ಬೆಳೆ ನೆನಪಿರುತ್ತದೆ. ಮಳೆ ನಕ್ಷತ್ರ ಹೇಳಿದರೆ ಅದನ್ನೂ ಬರೆಯಿರಿ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರಾ 22ಕ್ಕೆ ಹುಟ್ಟುತ್ತದೆ. ಒಂದೊಂದು ಮಳೆ 13–14 ದಿನ. ತಿಂಗಳ ಲೆಕ್ಕಕ್ಕಿಂತ ಬೆಳೆಯ ಹಂತಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಇನ್ನು ದುಡ್ಡಿನ ಲೆಕ್ಕ. ಇವು ಸುಮ್ನೆ ತೋರಿಸಲು ತೆಗೆದುಕೊಂಡ ಅಂಕಿಗಳು, ನಿಮ್ಮದನ್ನು ನೀವೇ ಹಾಕಿಕೊಳ್ಳಿ. ಒಂದು ಎಕರೆಗೆ ಖರ್ಚು ಕಳೆದು ಕೈಗೆ ಬರುವುದು:

ಕಡಲೆಕಾಯಿ: ಕಡಿಮೆ ಮಳೆಯಲ್ಲಿ 8,000 ರೂಪಾಯಿ ನಷ್ಟ, ನಡುವಿನದರಲ್ಲಿ 10,000 ಲಾಭ, ಜಾಸ್ತಿಯಲ್ಲಿ 15,000 ಲಾಭ.
ರಾಗಿ: ಕಡಿಮೆ ಮಳೆಯಲ್ಲೂ 1,000 ಲಾಭ, ನಡುವಿನದರಲ್ಲಿ 7,000, ಜಾಸ್ತಿಯಲ್ಲಿ 8,000.

ಸಾಧ್ಯತೆ 33–33–33 ಇದ್ದಾಗ ಮೂರನ್ನೂ ಕೂಡಿ ಮೂರರಿಂದ ಭಾಗಿಸಿ. ಕಡಲೆಕಾಯಿಗೆ ಸರಾಸರಿ ಸುಮಾರು 5,670, ರಾಗಿಗೆ 5,330. ಕಡಲೆಕಾಯಿ ಸ್ವಲ್ಪ ಮೇಲು. ಈಗ 45–33–22 ಹಾಕಿ ನೋಡಿ. ಪ್ರತಿ ಅಂಕಿಯನ್ನೂ ಅದರ ಸಾಧ್ಯತೆಯಿಂದ ಗುಣಿಸಿ, ಕೂಡಿ, ನೂರರಿಂದ ಭಾಗಿಸಿ. ಕಡಲೆಕಾಯಿ 3,000ಕ್ಕೆ ಇಳಿಯುತ್ತದೆ. ರಾಗಿ 4,520ರಲ್ಲಿ ನಿಲ್ಲುತ್ತದೆ. ನಕ್ಷೆಯ ಸಣ್ಣ ವಾಲಿಕೆ ತೀರ್ಮಾನವನ್ನೇ ತಿರುಗಿಸಿತು, ನೋಡಿದ್ರಾ?

ಹಾಗಂತ ಇಡೀ ಜಮೀನನ್ನು ರಾಗಿಗೆ ಬದಲಿಸಬೇಡಿ. ನೂರಕ್ಕೆ 55 ಸಲ 'ಕಡಿಮೆ' ಮಳೆ ಆಗುವುದೇ ಇಲ್ಲ. ನಾಲ್ಕು ಎಕರೆ ಕಡಲೆಕಾಯಿ ಹಾಕುವವರು ಒಂದು ಅಥವಾ ಎರಡು ಎಕರೆ ಆಚೆ ಸರಿಸುವುದು ಸರಿಯಾದ ಪ್ರಮಾಣ. ಒಂದು ಕೆಟ್ಟ ವರ್ಷವನ್ನು ತಾಳಿಕೊಳ್ಳಲು ಆಗದಷ್ಟು ಸಾಲ ಇದ್ದವರು ಮಾತ್ರ ಸರಾಸರಿ ಬಿಟ್ಟು ನಷ್ಟದ ಅಂಕಿಯನ್ನೇ ನೋಡಬೇಕು. ಅವರಿಗೆ ಕಡಿಮೆ ಮಳೆಯಲ್ಲೂ ಕೈಬಿಡದ ಬೆಳೆಯೇ ದಾರಿ.

ಹಂತ 6: ತೀರ್ಮಾನಗಳನ್ನು ವಿಂಗಡಿಸಿ

ಒಮ್ಮೆ ಮಾಡಿದರೆ ವಾಪಸ್ ತೆಗೆದುಕೊಳ್ಳಲು ಆಗದ ತೀರ್ಮಾನಗಳಿಗೆ ಮಾತ್ರ ಋತು ಮುನ್ಸೂಚನೆ ಬಳಸಿ. ಬೆಳೆ ಹಂಚಿಕೆ, ತಳಿ, ಸಾಲದ ಮೊತ್ತ, ಬೆಳೆ ವಿಮೆ, ಮೇವು ಸಂಗ್ರಹ, ಕೃಷಿ ಹೊಂಡ.

ತಳಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಣ ವರ್ಷದ ವಾಲಿಕೆ ಇದ್ದರೆ ಬೆಳೆ ಬದಲಿಸದೆ ತಳಿ ಬದಲಿಸುವುದೇ ಎಷ್ಟೋ ಸಲ ಸಾಕು. ರಾಗಿಯಲ್ಲಿ ಎಂಆರ್-6 ದೀರ್ಘಾವಧಿಯದು, ಸುಮಾರು ನಾಲ್ಕು ತಿಂಗಳು. ಜಿಪಿಯು-28 ಅದಕ್ಕಿಂತ ಮೊದಲೇ, 110 ದಿನದ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಜಿಪಿಯು-48 ಇನ್ನೂ ಬೇಗ. ರಾಗಿ ಸಾಲಿನ ನಡುವೆ ತೊಗರಿ ಅಕ್ಕಡಿ ಹಾಕಿದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಅಲ್ಪಾವಧಿ ತಳಿ ಬೇಗ ಖಾಲಿಯಾಗುತ್ತದೆ. ಮೇ ಕೊನೆಯ ಅಂದಾಜು ಬಂದ ವಾರವೇ ಹೋಗಿ ವಿಚಾರಿಸಿ.

ವಿಮೆಯಲ್ಲಿ ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳುಗಳಿಗೆ ರೈತರ ಪಾಲು ವಿಮಾ ಮೊತ್ತದ ಶೇ 2. ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ 5. ಕೊನೇ ದಿನ ಬೆಳೆವಾರು, ಜಿಲ್ಲಾವಾರು ಬೇರೆ. ಮಳೆ ಹೋಯಿತು ಅಂತ ಖಚಿತವಾಗುವ ಹೊತ್ತಿಗೆ ನೋಂದಣಿ ಮುಗಿದಿರುತ್ತದೆ. ಆದ್ದರಿಂದ ವಿಮೆಗೆ ಋತು ಮುನ್ಸೂಚನೆಯೇ ಸರಿಯಾದ ಆಧಾರ.

ಹಂತ 7: ಬಿತ್ತನೆಗೆ ಹತ್ತಿರದ ಮುನ್ಸೂಚನೆ

ಮುಂಗಾರು ಕೇರಳಕ್ಕೆ ಬೇಗ ಬಂತು ಅಂತ ಕೂರಿಗೆ ಕಟ್ಟುವುದು ತುಂಬಾ ಕಡೆ ನಡೆಯುವ ತಪ್ಪು. 2009ರಲ್ಲಿ ಮುಂಗಾರು ಮೇ 23ಕ್ಕೇ ಕೇರಳ ಮುಟ್ಟಿತ್ತು, ವಾಡಿಕೆಗಿಂತ ಒಂಬತ್ತು ದಿನ ಮೊದಲು. ಆ ವರ್ಷವೇ ದೇಶಕ್ಕೆ ಶೇ 78 ಮಳೆ, ದಶಕಗಳಲ್ಲೇ ಕೆಟ್ಟ ಬರ. ಬಂದ ದಿನಕ್ಕೂ ಋತುವಿನ ಒಟ್ಟು ಮಳೆಗೂ ನಂಬುವಂಥ ಸಂಬಂಧ ಇಲ್ಲ.

ಬಿತ್ತನೆಗೆ ಮೂರು ವಿಷಯ ನೋಡಿ. ಒಂದು, ನಿಮ್ಮ ಡಬ್ಬದ ಅಳತೆ ಮತ್ತು ನೆಲದ ಹದ. ಗುದ್ದಲಿಯಲ್ಲಿ ಅಗೆದು ತೇವ ಒಂದು ಗೇಣು ಇಳಿದಿದೆಯಾ ನೋಡಿ. ಕೆಂಪು ನೆಲ ಬೇಗ ಹದಕ್ಕೆ ಬರುತ್ತದೆ, ಬೇಗ ಆರುತ್ತದೆ. ಎರೆ ನೆಲಕ್ಕೆ ಜಾಸ್ತಿ ಮಳೆ ಬೇಕು, ಆದರೆ ಒಮ್ಮೆ ನೆನೆದರೆ ವಾರಗಟ್ಟಲೆ ಹಿಡಿದಿಡುತ್ತದೆ. ಎರಡು, ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ. ಮೇಘದೂತದಲ್ಲಿ ನಿಮ್ಮ ಜಿಲ್ಲೆಯ ಮುಂದಿನ ಐದು ದಿನದ ಅಂದಾಜು ಕನ್ನಡದಲ್ಲೇ ಇರುತ್ತದೆ. ಮೂರು, ಗುರುವಾರ ಬರುವ ನಾಲ್ಕು ವಾರದ ವಿಸ್ತೃತ ಮುನ್ಸೂಚನೆ. ಇದರಲ್ಲಿ ಮೊದಲ ಎರಡು ವಾರ, ಅಂದರೆ ಸುಮಾರು ಒಂದು ನಕ್ಷತ್ರದ ಮಳೆ, ನಂಬಲು ಅರ್ಹ. ಮೂರು, ನಾಲ್ಕನೇ ವಾರವನ್ನು ಬರೀ ಸುಳಿವು ಅಂತ ನೋಡಿ.

ಹದ ಇದೆ, ಆದರೆ ಎರಡು ವಾರ ಒಣ ಎಂದು ಗುರುವಾರದ ನಕ್ಷೆ ತೋರಿಸಿದರೆ ಕೆಂಪು ನೆಲದವರು ಕಾಯುವುದೇ ಒಳ್ಳೆಯದು. ಮೊಳಕೆ ಬಂದ ಮೇಲೆ ಒಣಗಿದರೆ ಬೀಜ, ಕೂಲಿ ಎರಡೂ ಹೋಗುತ್ತದೆ. ಇದೇ ನಕ್ಷೆ ಮೇಲುಗೊಬ್ಬರಕ್ಕೂ ಉಪಯೋಗ. ಮಳೆ ಇಲ್ಲದ ವಾರದಲ್ಲಿ ಯೂರಿಯಾ ಎರಚಿ ಪ್ರಯೋಜನ ಇಲ್ಲ, ಭಾರೀ ಮಳೆಯ ಹಿಂದಿನ ದಿನ ಎರಚಿದರೆ ಕೊಚ್ಚಿ ಹೋಗುತ್ತದೆ.

ಎಚ್ಚರಿಕೆ: ವಾಟ್ಸ್ಆ್ಯಪ್‌ನಲ್ಲಿ ಬರುವ ನಕ್ಷೆಯಲ್ಲಿ ಮೊದಲು ದಿನಾಂಕ ಹುಡುಕಿ. ಹೋದ ವರ್ಷದ ನಕ್ಷೆ ಈ ವರ್ಷದ್ದು ಅಂತ ತಿರುಗಾಡುವುದು ಸಾಮಾನ್ಯ. ದಿನಾಂಕ ಇಲ್ಲದಿದ್ದರೆ ಅಳಿಸಿಬಿಡಿ.

ಹಂತ 8: ಜುಲೈ ಕೊನೆಗೆ ಮತ್ತೆ ಕೂತು ನೋಡಿ

ಆಗಸ್ಟ್–ಸೆಪ್ಟೆಂಬರ್ ಅಂದಾಜು ಬಂದಾಗ ನೋಟ್‌ಬುಕ್ ಮತ್ತೆ ತೆರೆಯಿರಿ. ಅಷ್ಟು ಹೊತ್ತಿಗೆ ಬಿತ್ತನೆಯೇ ಆಗದ ಹೊಲ ಇದ್ದರೆ ಹುರುಳಿ, ಹುಚ್ಚೆಳ್ಳು, ಅಲಸಂದೆ ಕಡೆ ನೋಡಿ. ತಡವಾಗಿ ದೀರ್ಘಾವಧಿ ರಾಗಿ ಹಾಕುವುದಕ್ಕಿಂತ ಇವು ವಾಸಿ. ಬೆಳೆ ನಿಂತಿದ್ದರೆ ಹೊಂಡದ ನೀರನ್ನು ಹೂವಿನ ಹಂತಕ್ಕೆ ಉಳಿಸಿ.

ದಕ್ಷಿಣ ಒಳನಾಡಿನವರು ಸೆಪ್ಟೆಂಬರ್ ಕೊನೆಯ ಹಿಂಗಾರು ಅಂದಾಜನ್ನು ತಪ್ಪಿಸಬೇಡಿ. ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ ಜೊತೆಗೆ ದಕ್ಷಿಣ ಒಳನಾಡು ಕರ್ನಾಟಕವನ್ನೂ ಅದರಲ್ಲಿ ಸೇರಿಸುತ್ತಾರೆ. ಎಲ್ ನಿನೊ ವರ್ಷಗಳಲ್ಲಿ ಮುಂಗಾರು ಸೊರಗಿದರೂ ದಕ್ಷಿಣದಲ್ಲಿ ಹಿಂಗಾರು ಚೆನ್ನಾಗಿ ಆಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಆ ವರ್ಷ ಮುಂಗಾರು ಹೋಯಿತು ಅಂತ ಹುರುಳಿ ಬೀಜ ಮಾರಬೇಡಿ, ಕೆರೆ ಕಾಲುವೆಯ ಹೂಳು ತೆಗೆಸುವುದಿದ್ದರೆ ಅಕ್ಟೋಬರ್‌ಗೆ ಮೊದಲೇ ಮುಗಿಸಿ. ರಾಗಿ ಕೊಯ್ಲು ಆಗ ಮಳೆಗೆ ಸಿಗಬಹುದು, ತೆನೆ ಮುಚ್ಚಲು ಟಾರ್ಪಾಲ್ ತಂದಿಡಿ. ವಿಜಯಪುರ ಕಡೆಯ ಎರೆ ನೆಲದವರಿಗೆ ಸೆಪ್ಟೆಂಬರ್ ಮಳೆಯೇ ಮುಖ್ಯ. ಹಿಂಗಾರಿ ಜೋಳ ಬೆಳೆಯುವುದು ಆ ತಿಂಗಳು ನೆಲ ಹಿಡಿದಿಟ್ಟ ತೇವದ ಮೇಲೆ. ಅವರು ಅಕ್ಟೋಬರ್ ನಕ್ಷೆಗಿಂತ ಸೆಪ್ಟೆಂಬರ್ ತಿಂಗಳ ನಕ್ಷೆಯನ್ನೇ ಹಂತ 3ರಂತೆ ಓದಿ, ಬಿತ್ತುವ ಎಕರೆ ಲೆಕ್ಕ ಹಾಕಿಕೊಳ್ಳಿ.